ಬೆಳೆಯದ ಮರಿ

ನನ್ನಿವಾಳದ ಸಣ್ಣತಿಮ್ಮಪ್ಪನಿಗೆ ಬುದ್ಧಿ ಮಂಕಾಗಿದೆ ಎಂದು ಊರಿಗೆಲ್ಲ ಸಾರಿದವನು ನಾನೇ. ಆ ಕೆಲಸವನ್ನು ಒಂದು ವರ್ಷ ಬೇಸರವಿಲ್ಲದೆ ಮಾಡಿದೆ. ಊರ ಮುಂದೆ ನನ್ನ ಚಿಲ್ಲರೆ ಅಂಗಡಿ. ಉಪ್ಪು, ಬೀಡಿ, ಸೀಮೆಎಣ್ಣೆಯ ಜೊತೆಗೆ ಊರಿನ ಸುದ್ದಿಯೂ ಅಲ್ಲೇ ಸಿಗುತ್ತದೆ. ಉಪ್ಪನ್ನು ತೂಗಿ ಕೊಡುತ್ತಿದ್ದೆ, ಸುದ್ದಿಯನ್ನು ತೂಗುತ್ತಿರಲಿಲ್ಲ. ಸಣ್ಣತಿಮ್ಮಪ್ಪ ಊರ ವಾವೆಯಲ್ಲಿ ನನಗೆ ಮಾವ ಆಗಬೇಕು, ಹಾಗಾಗಿ ತಮಾಷೆಗೂ ಅಡ್ಡಿಯಿರಲಿಲ್ಲ. ಈಗ ಅವನ ಕತೆಯನ್ನು ಸರಿಯಾಗಿ ಹೇಳುವ ಸರದಿಯೂ ನನ್ನದೇ.

ಅವನಿಗೆ ನಾಲ್ಕು ಎಕರೆ ಶೇಂಗಾ ಹೊಲವಿತ್ತು, ನಲವತ್ತರ ಆಚೀಚೆ ಕುರಿಗಳಿದ್ದವು. ಆದರೆ ಅವನ ಹೆಸರು ನಿಂತಿದ್ದದ್ದು ಬಲಗೈ ಹೆಬ್ಬೆರಳಿನ ಮೇಲೆ. ಚಳ್ಳಕೆರೆ ಕುರಿಸಂತೆಯಲ್ಲಿ ಕೊಳ್ಳುವವನಿಗೂ ಮಾರುವವನಿಗೂ ಕುರಿಯ ವಯಸ್ಸಿನ ಬಗ್ಗೆ ಜಗಳ ಬಿದ್ದರೆ, "ನನ್ನಿವಾಳದ ಯಜಮಾನನ್ನ ಕರೀರಿ" ಎನ್ನುತ್ತಿದ್ದರು. ಅವನು ಬಂದು ಕುರಿಯ ದವಡೆ ಹಿಡಿದು, ಹೆಬ್ಬೆರಳಿನಿಂದ ತುಟಿ ಸರಿಸಿ, ಹಲ್ಲಿನ ಮೇಲೆ ಒಮ್ಮೆ ಸವರಿ ಹೇಳುತ್ತಿದ್ದ: ಎರಡು ಹಲ್ಲು, ನಾಲ್ಕು ಹಲ್ಲು, ಎಂಟೂ ಬಂದು ಬಾಯಿಗೂಡಿದೆ. ಹಲ್ಲು ಸವೆದಿದ್ದರೆ ಇನ್ನೆಷ್ಟು ಮಳೆಗಾಲ ಉಳಿದಿದೆ ಎಂಬುದನ್ನೂ ಹೇಳುತ್ತಿದ್ದ. ಹುಲ್ಲು ಕಚ್ಚಲಾಗದ ಕುರಿಯನ್ನು ಯಾರೂ ಸಾಕಲು ಒಯ್ಯುವುದಿಲ್ಲ, ಅದು ಕಟುಕರ ಪಾಲು. ಅವನು "ಬಾಯಿ ಮುಗಿದೈತೆ" ಎಂದರೆ ಆ ಕುರಿಯ ಕತೆ ಅಲ್ಲಿಗೆ ಮುಗಿಯಿತು. ಆಮೇಲೆ ಯಾರೂ ಎದುರು ಮಾತಾಡುತ್ತಿರಲಿಲ್ಲ.

ತೊಂಬತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಅವನ ಮಂದೆ ಕಾಯುತ್ತಿದ್ದ ನಾಯಿ ಸತ್ತಿತು. ಅದಾಗಿ ತಿಂಗಳೊಳಗೆ ಉಳ್ಳಾರ್ತಿ ಕಾವಲ್‌ನ ಹುಲ್ಲುಗಾವಲ ಕಡೆಯಿಂದ ಬಂದ ತೋಳ ಎರಡು ಮರಿಗಳನ್ನು ಎತ್ತಿಕೊಂಡು ಹೋಯಿತು. ಹೆಂಡತಿ ಕರಿಯಕ್ಕ ಸುಮ್ಮನಿರುವವಳಲ್ಲ. "ನಾಯಿ ಇಲ್ದೆ ಮನೀಗೆ ಬರಬ್ಯಾಡ" ಎಂದು ಸಂತೆಯ ದಿನ ಗಂಡನನ್ನು ಚಳ್ಳಕೆರೆಗೆ ಅಟ್ಟಿದಳು.

ಚಳ್ಳಕೆರೆಯಲ್ಲಿ ನಾಯಿ ಬೇಕಾದವರೆಲ್ಲ ಹೋಗುತ್ತಿದ್ದದ್ದು ಮೆಕ್ಯಾನಿಕ್ ನೂರ್ ಅಹಮ್ಮದ್ ಸಾಬರ ಹತ್ತಿರ. ಪಾವಗಡ ರಸ್ತೆಯಲ್ಲಿ ಅವರ ಗ್ಯಾರೇಜು. ಮುಂದೆ ಲೂನಾ, ಮೊಪೆಡ್ಡುಗಳ ರಿಪೇರಿ, ಹಿಂದೆ ತಗಡಿನ ಶೆಡ್ಡಿನಲ್ಲಿ ಜನ ಬಿಟ್ಟುಹೋದ ನಾಯಿಗಳು. ಕಾಲು ಮುರಿದದ್ದು, ಕಣ್ಣು ಹೋದದ್ದು, ಯಾರಿಗೂ ಬೇಡವಾದದ್ದು ಎಲ್ಲವೂ ಅಲ್ಲಿಗೇ ಬರುತ್ತಿದ್ದವು. ನಾಯಿಯ ಜೊಲ್ಲು ತಾಗಿದ ಬಟ್ಟೆಯಲ್ಲಿ ನಮಾಜು ಮಾಡುವಂತಿಲ್ಲ, ಅದಕ್ಕೇ ಸಾಬರು ಒಂದು ಜೊತೆ ಶುಭ್ರವಾದ ಬಟ್ಟೆಯನ್ನು ಗ್ಯಾರೇಜಿನ ಗೂಟಕ್ಕೆ ನೇತುಹಾಕಿರುತ್ತಿದ್ದರು. ಅವರ ಹೆಂಡತಿ ಇಮಾಂ ಬೀ ನಾಯಿಗಳನ್ನು ಮನೆಯ ಹೊಸ್ತಿಲ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಆದರೆ ಅವುಗಳಿಗೆ ದಿನಾ ದೊಡ್ಡ ಡಬರಿ ತುಂಬ ಅನ್ನ ಬೇಯಿಸಿ ಕಳಿಸುತ್ತಿದ್ದವಳೂ ಅವಳೇ. ಸಾಬರು ನಾಯಿಯನ್ನು ದುಡ್ಡಿಗೆ ಕೊಡುತ್ತಿರಲಿಲ್ಲ. ತಿಂಗಳಿಗೊಮ್ಮೆ ಸಂತೆಯ ದಿನ ತಂದು ತೋರಿಸಬೇಕು, ಸಾಕಲಾಗದಿದ್ದರೆ ಬೀದಿಗೆ ಬಿಡದೆ ವಾಪಸು ತರಬೇಕು. ಅವರ ಷರತ್ತು ಇಷ್ಟೇ.

ಅವತ್ತು ಸಂಜೆ ಸಣ್ಣತಿಮ್ಮಪ್ಪ ನನ್ನ ಅಂಗಡಿಯ ಮುಂದೆ ಬಸ್ಸಿಳಿದಾಗ ಕಂಬಳಿಯೊಳಗಿಂದ ಒಂದು ಮೂತಿ ಇಣುಕುತ್ತಿತ್ತು. ಬಿಳಿ ಮೈ, ಕಂದು ಕಿವಿ, ಪೊರಕೆಯ ಕಡ್ಡಿಯಂಥ ಕೂದಲು, ಆಡಿಗಿದ್ದಂತೆ ಗಡ್ಡ. ಎತ್ತರ ನನ್ನ ಮೊಣಕಾಲಿಗೂ ಬರಲಿಲ್ಲ.

"ಏನ್ ಮಾವ, ತೋಳಕ್ಕೆ ತಿಂಡಿ ತಂದ್ಯಾ?" ಎಂದೆ.

"ಸುಮ್ನಿರಲೇ ಜುಂಜಾ. ಇದು ಟೆರಿಯರ್ ಅಂತ, ಜಾತಿ ನಾಯಿ. ಇನ್ನೂ ಮರಿ. ಬೆಳೀತೈತೆ."

ಮರಿ ನನ್ನನ್ನು ನೋಡಿ ಒಮ್ಮೆ ಬೊಗಳಿತು. ಆ ಗಾತ್ರಕ್ಕೆ ಆ ದನಿ ಎಲ್ಲಿಂದ ಬಂತೋ, ಕೈಯಲ್ಲಿದ್ದ ಬೆಲ್ಲದ ಅಚ್ಚು ಕೆಳಗೆ ಬಿತ್ತು.

ಅದರ ಪೂರ್ವೋತ್ತರವನ್ನು ಅವನೇ ಹೇಳಿದ. ಮೊಳಕಾಲ್ಮೂರಿನಲ್ಲಿದ್ದ ಯಾರೋ ಆಫೀಸರು ವರ್ಗವಾಗಿ ಹೋಗುವಾಗ ಅದನ್ನು ಬೀದಿಯಲ್ಲೇ ಬಿಟ್ಟು ಹೋದರಂತೆ. ಪಕ್ಕದ ಮನೆಯ ನೇಕಾರರ ಸೂರಮ್ಮ ಎಂಬಾಕೆ ಕೆಲವು ತಿಂಗಳು ಅನ್ನ ಹಾಕಿದಳಂತೆ. ಆದರೆ ಮಗ್ಗದ ಮೇಲೆ ರೇಷ್ಮೆ ಸೀರೆ. ನಾಯಿಯ ಕೂದಲು ಎಳೆಗೆ ಸೇರಿದರೆ ಸೀರೆ ಕೆಟ್ಟಂತೆಯೇ. ಬೀದಿಗೆ ಬಿಡಲು ಮನಸ್ಸಾಗದೆ ಆಕೆ ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಸಾಬರ ಶೆಡ್ಡಿಗೆ ತಂದುಬಿಟ್ಟಳಂತೆ. ಸೂರಮ್ಮ ತೆಲುಗಿನವಳಾದ್ದರಿಂದ ನಾಯಿ "ಬಾ" ಎಂದರೆ ಕದಲುತ್ತಿರಲಿಲ್ಲ, "ಇಟ್ರಾ" ಎಂದರೆ ಓಡಿ ಬರುತ್ತಿತ್ತು. ಸಣ್ಣತಿಮ್ಮಪ್ಪ ಅದಕ್ಕೆ ದೊಡ್ಡಯ್ಯ ಎಂದು ಹೆಸರಿಟ್ಟ. ನಗದೆ ಇನ್ನೇನು ಮಾಡಲಿ?

ಕರಿಯಕ್ಕ ಅದನ್ನು ಮೂರು ಸುತ್ತು ಸುತ್ತಿ ನೋಡಿ, "ಬೆಳೀತೈತಾ ಇದು?" ಎಂದಳಂತೆ. "ಬೆಳೀತೈತೆ, ಜಾತಿ ನಾಯಿ ನಿಧಾನ" ಎಂದನಂತೆ ಗಂಡ. ಎಳೆಯ ಹಲ್ಲು ಗಟ್ಟಿಯಾಗಲಿ ಎಂದು ಅವಳು ಒಣಗಿದ ಸಜ್ಜೆ ರೊಟ್ಟಿ ಹಾಕುತ್ತಿದ್ದಳು. ಅವನು ಮಾತ್ರ ಎರಡು ದಿನಕ್ಕೊಮ್ಮೆ ನನ್ನ ಅಂಗಡಿಗೆ ಬಂದು ಬಿಸ್ಕತ್ತಿನ ಪೊಟ್ಟಣ ಒಯ್ಯುತ್ತಿದ್ದ. ಹೊಲಕ್ಕೆ ಹೋಗಿ ಹಾಲಿನಲ್ಲಿ ನೆನೆಸಿ ತಿನ್ನಿಸುತ್ತಾನೆ ಎಂದು ಕಂಡವರು ಹೇಳಿದರು. ಮುಪ್ಪಿಗೆ ಮುದ್ದು ಹೆಚ್ಚು ಎಂದುಕೊಂಡೆ.

ನಾನು ಬಿಡುವವನೇ? ದೊಡ್ಡಯ್ಯನನ್ನು ಅಂಗಡಿಯ ಬಾಗಿಲಿಗೆ ಒತ್ತಿ ನಿಲ್ಲಿಸಿ, ಬೆನ್ನಿನ ಮಟ್ಟಕ್ಕೆ ಸುಣ್ಣದ ಕಡ್ಡಿಯಿಂದ ಗೀಟು ಹಾಕಿದೆ. ತಿಂಗಳು ತಿಂಗಳೂ ಅಳೆದೆ. ಶೇಂಗಾ ಹೂ ಬಿಟ್ಟಿತು, ಕಾಯಿ ಕಟ್ಟಿತು, ಕಿತ್ತದ್ದೂ ಆಯಿತು. ಗೀಟು ಇದ್ದಲ್ಲೇ ಇತ್ತು. ಬೀಡಿಗೆ ಬಂದವರೆಲ್ಲ ಬಾಗಿಲು ನೋಡಿ ನಕ್ಕು ಹೋಗುವುದೇ ಒಂದು ರೂಢಿಯಾಯಿತು.

"ಸಾವಿರ ಕುರಿ ಹಲ್ಲು ನೋಡಿದೋನು ಇದರ ಬಾಯಿ ಯಾಕ್ ನೋಡ್ಲಿಲ್ಲ ಮಾವ?" ಎಂದು ಒಮ್ಮೆ ಕೇಳಿದೆ.

"ದಾನಕ್ಕೆ ಕೊಟ್ಟ ಎಮ್ಮೆ ಹಲ್ಲು ಹಿಡಿದು ನೋಡಬಾರ್ದಲೇ" ಎಂದು ನಕ್ಕು ಬಿಸ್ಕತ್ತು ತೆಗೆದುಕೊಂಡು ಹೋದ.

ಈ ನಗೆ ಚಳ್ಳಕೆರೆ ಸಂತೆಯವರೆಗೂ ಹೋಯಿತು. ಒಯ್ದವನು ನಾನೇ ಎಂದು ಮತ್ತೆ ಹೇಳಬೇಕಿಲ್ಲ. ಒಂದು ಸಂತೆಯಲ್ಲಿ ಟಗರಿನ ವಯಸ್ಸಿಗೆ ಜಗಳ ಬಿತ್ತು. ಯಾರೋ ಅವನನ್ನು ಕರೆದರು. ಟಗರು ಕೊಳ್ಳಲು ಬಂದವನು, "ನಾಯಿ ಯಾವ್ದು ಮರಿ ಯಾವ್ದು ಅಂತ ತಿಳೀದೋನಿಗೆ ಟಗರಿನ ಹಲ್ಲು ತಿಳೀತೈತಾ? ಬೇರೆಯೋರನ್ನ ಕರೀರಿ" ಎಂದ. ಮೂವತ್ತು ವರ್ಷದಲ್ಲಿ ಮೊದಲ ಸಲ ಅಂಥ ಮಾತು ಬಂದಿತ್ತು. ಸಣ್ಣತಿಮ್ಮಪ್ಪ ಚಾಚಿದ ಕೈಯನ್ನು ಕಂಬಳಿಯೊಳಕ್ಕೆ ಎಳೆದುಕೊಂಡ. ನಾನು ಹತ್ತು ಮಾರು ದೂರದಲ್ಲಿದ್ದೆ. ನನಗೆ ಅವತ್ತು ನಿಜವಾಗಿಯೂ ಕಸಿವಿಸಿಯಾಯಿತು. ಆದರೆ ಬಾಗಿಲ ಮೇಲಿನ ಗೀಟು ಅಳಿಸುವಷ್ಟಲ್ಲ.

ದೊಡ್ಡಯ್ಯ ಕೆಟ್ಟ ನಾಯಿಯಲ್ಲ. ಶೇಂಗಾ ಹೊಲದ ಬದುವಿನಲ್ಲಿ ಬಿಲ ತೋಡಿ ಇಲಿ ಹಿಡಿಯುತ್ತಿತ್ತು. ಸಣ್ಣತಿಮ್ಮಪ್ಪ ಮರದಡಿ ಕೂತರೆ ಅವನ ಕಂಬಳಿಯ ಮಡಿಕೆಯೊಳಗೆ ಸುತ್ತಿಕೊಂಡು ಮಲಗುತ್ತಿತ್ತು. ತೋಳ ಹತ್ತಿರ ಬಂದರೆ ಎಲ್ಲರಿಗಿಂತ ಮೊದಲು ಅದಕ್ಕೇ ತಿಳಿಯುತ್ತಿತ್ತು, ಬೊಗಳಿ ಇಡೀ ಹುಲ್ಲುಗಾವಲನ್ನೇ ಎಬ್ಬಿಸುತ್ತಿತ್ತು. ಆದರೆ ಬೊಗಳುವುದು ಬೇರೆ, ಅಟ್ಟಿಸಿಕೊಂಡು ಹೋಗುವುದು ಬೇರೆ. ಉಗಾದಿಯ ಹಿಂದಿನ ವಾರ ಮಟಮಟ ಮಧ್ಯಾಹ್ನ, ಅದು ಬೊಗಳುತ್ತಿದ್ದಂತೆಯೇ ತೋಳ ಇನ್ನೊಂದು ಮರಿಯನ್ನು ಕಚ್ಚಿಕೊಂಡು ಹೋಯಿತು.

ಕರಿಯಕ್ಕನ ತಾಳ್ಮೆ ಮುಗಿಯಿತು. "ಹಬ್ಬ ಆಗ್ಲಿ. ಆಮ್ಯಾಲೆ ಇದನ್ನ ಸಾಬ್ರಿಗೆ ವಾಪಸ್ ಕೊಟ್ಟು ದೊಡ್ಡ ನಾಯಿ ತರಬೇಕು. ನಿನ್ನ ನಂಬಂಗಿಲ್ಲ, ನಾನೂ ಬರ್ತೀನಿ" ಎಂದಳು. ಸಣ್ಣತಿಮ್ಮಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲವಂತೆ. ಹಬ್ಬ ಕಳೆದ ಸಂತೆಗೆ ನಾನು ಅಂಗಡಿಯ ಸಾಮಾನಿಗೆ ಲಗೇಜ್ ಆಟೋದಲ್ಲಿ ಹೊರಟಿದ್ದೆ. ಇಬ್ಬರೂ ಹಿಂದೆ ಹತ್ತಿ ಕೂತರು. ದಾರಿಯುದ್ದಕ್ಕೂ ಅವನು ನಾಯಿಯ ಗಡ್ಡದಲ್ಲಿ ಸಿಕ್ಕಿದ್ದ ಹುಲ್ಲಿನ ಮುಳ್ಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. ವಾಪಸು ಬಂದ ನಾಯಿಯನ್ನು ಎರಡನೇ ಸಲ ಯಾರೂ ಒಯ್ಯುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಗ್ಯಾರೇಜು ತಲುಪಿದಾಗ ನೂರ್ ಅಹಮ್ಮದ್ ಸಾಬರು ಒಂದು ಮೊಪೆಡ್ಡಿನ ಚೈನು ಬಿಚ್ಚುತ್ತಿದ್ದರು. ನನ್ನ ಬಾಯಿ ಸುಮ್ಮನಿರಬೇಕಲ್ಲ?

"ಏನ್ ಸಾಬ್ರೇ, ನಮ್ಮೂರ ಯಜಮಾನನಿಗೇ ಟೋಪಿ ಹಾಕಿದ್ರಲ್ಲ! ಬೆಳೀದೇ ಇರೋ ನಾಯೀನ ಮರಿ ಅಂತ ಕೊಟ್ಟೀರಿ" ಎಂದೆ.

ಸಾಬರು ಸ್ಪ್ಯಾನರ್ ಕೆಳಗಿಟ್ಟರು. "ಅರೆ, ನಾನ್ಯಾಕೆ ಸುಳ್ಳು ಹೇಳ್ಲಿ ಜುಂಜಣ್ಣ? ಮರಿ ಅಂತ ನಾನು ಅನ್ನಲೇ ಇಲ್ಲ. ಅವತ್ತು ಇದೇ ಕಟ್ಟೆ ಮ್ಯಾಲೆ ಕುಂತು ಯಜಮಾನ್ರೇ ಬಾಯಿ ತೆಗೆದು ನೋಡಿದ್ರು. ಒಂಬತ್ತು ವರ್ಷ ಆಗೈತೆ ಸಾಬ್ರೇ, ಇನ್ನು ಮೂರು ಮಳೆಗಾಲ ಅಷ್ಟೇ ಅಂದ್ರು. ಹಂಗಾದ್ರೆ ಬ್ಯಾಡ, ಅಲ್ಲಿರೋ ದೊಡ್ಡ ಮರಿ ಒಯ್ರಿ ಅಂದೆ. ಕೇಳ್ಲಿಲ್ಲ."

ನಾನು ಸಣ್ಣತಿಮ್ಮಪ್ಪನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. ನಗಾಡಿಸಿಕೊಂಡ ಒಂದು ವರ್ಷ, ಬಾಗಿಲ ಗೀಟು, ಸಂತೆಯಲ್ಲಿ ಹಿಂದಕ್ಕೆ ಎಳೆದುಕೊಂಡ ಆ ಕೈ, ಎಲ್ಲ ಒಟ್ಟಿಗೆ ನೆನಪಿಗೆ ಬಂದವು.

"ನಿನಗೆ ಗೊತ್ತಿತ್ತಾ?" ಎಂದಳು ಕರಿಯಕ್ಕ.

"ಗೊತ್ತಿತ್ತು."

"ಮತ್ತೆ ಬೆಳೀತೈತೆ, ಬೆಳೀತೈತೆ ಅಂದಿದ್ದು?"

"ಮುದಿನಾಯಿ ಅಂದಿದ್ರೆ ನೀನು ಅಂಗಳಕ್ಕಾದ್ರೂ ಬಿಟ್ಕೊಂತಿದ್ದಾ?" ಎಂದ. ತನ್ನ ಹೆಬ್ಬೆರಳು ನೋಡಿಕೊಂಡ. "ಈ ಬೆರಳಿಂದ ಬಾಯಿ ನೋಡಿ ನೋಡಿ ಎಷ್ಟು ಕುರಿ ಕಟುಕರಿಗೆ ಕಳಿಸೀನಿ, ಲೆಕ್ಕ ಇಲ್ಲ. ಅದು ನಮ್ಮ ಕಸುಬು, ತಪ್ಪು ಅನ್ನಲ್ಲ. ಇದರ ಬಾಯಿನೂ ಹಂಗೇ ತೆಗೆದೆ. ಮುಗಿದಿತ್ತು. ಕೈ ಬಿಡೋ ಹೊತ್ತಿಗೆ ಇದು ಬೆರಳು ನೆಕ್ತು. ಯಾವ ಕುರಿನೂ ನೆಕ್ಕಿರ್ಲಿಲ್ಲ. ಕೆಳಗೆ ಬಿಡೋಕೆ ಆಗ್ಲಿಲ್ಲ ನನ್ನ ಕೈಲಿ."

ಕರಿಯಕ್ಕ ಅಳುತ್ತಾಳೆ ಎಂದುಕೊಂಡೆ. ಅವಳು ಸಿಟ್ಟಾದಳು. ಅಂಥ ಸಿಟ್ಟನ್ನು ನಾನು ಅವಳಲ್ಲೂ ಕಂಡಿರಲಿಲ್ಲ.

"ಹಲ್ಲು ಸವೆದ ಮುದಿಜೀವಕ್ಕೆ ವರ್ಷಪೂರ್ತಿ ನನ್ನ ಕೈಲಿ ಒಣರೊಟ್ಟಿ ಹಾಕಿಸಿದ್ಯಲ್ಲ! ಒಂದು ಮಾತು ಹೇಳಿದ್ರೆ ಅಂಬಲಿ ಕಾಸಿ ಹಾಕ್ತಿರ್ಲಿಲ್ವಾ ನಾನು? ನಾನೇನು ರಾಕ್ಷಸಿನಾ?"

ಅಷ್ಟು ಹೇಳಿ ಅವನ ಕಂಕುಳಿನಿಂದ ನಾಯಿಯನ್ನು ಕಿತ್ತುಕೊಂಡು, ಸೆರಗು ಹೊದಿಸಿ, ಹೋಗಿ ಆಟೋದಲ್ಲಿ ಕೂತಳು. ಅಲ್ಲಿಂದಲೇ, "ಸಾಬ್ರೇ, ಒಂದು ದೊಡ್ಡ ನಾಯೀನೂ ಕೊಡ್ರಿ. ತೋಳ ಕಾಯೋಕೆ ಅದು" ಎಂದಳು. ಸೆರಗಿನೊಳಗಿದ್ದದ್ದು ಯಾತಕ್ಕೆ ಎಂದು ಅವಳೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನೂರ್ ಅಹಮ್ಮದ್ ಸಾಬರು ಶೆಡ್ಡಿನಿಂದ ಒಂದು ದೊಡ್ಡ ನಾಯಿಯನ್ನು ಹಗ್ಗ ಕಟ್ಟಿ ತಂದುಕೊಟ್ಟರು. ಆಟೋದಲ್ಲಿ ನನ್ನ ಸಾಮಾನಿಗೆ ಜಾಗ ಸಾಲದೆ ಅರ್ಧ ಬಿಟ್ಟು ಬಂದೆ.

ಊರಿಗೆ ಬಂದವನು ಒದ್ದೆ ಬಟ್ಟೆಯಿಂದ ಅಂಗಡಿ ಬಾಗಿಲ ಗೀಟು ಒರೆಸಿದೆ. ಮುಂದಿನ ಸಂತೆಯಲ್ಲಿ, ಹೋದ ವರ್ಷ ನಗೆಯನ್ನು ಒಯ್ದಿದ್ದ ಅದೇ ಬಾಯಿಂದ, ನಡೆದದ್ದನ್ನು ಕುರಿ ವ್ಯಾಪಾರಿಗಳಿಗೆಲ್ಲ ಹೇಳಿದೆ. ಕೆಲವರು ನಂಬಿದರು, ಕೆಲವರು ಇಲ್ಲ. ಜಗಳ ಬಿದ್ದಾಗ ಮತ್ತೆ ಅವನನ್ನೇ ಕರೆಯತೊಡಗಿದರು. ಅವನೂ ಹೋಗಿ ಮೊದಲಿನಂತೆಯೇ ಹಲ್ಲು ನೋಡಿದ. ಹೊಟ್ಟೆಪಾಡು ಬಿಟ್ಟೀತೇ?

ದೊಡ್ಡಯ್ಯ ಕರಿಯಕ್ಕನ ಅಂಬಲಿ ಕುಡಿದುಕೊಂಡು ಅವಳ ಒಲೆಯ ಮಗ್ಗುಲಲ್ಲೇ ಇತ್ತು. ಅವಳೂ ತೆಲುಗು ಕಲಿತಳು, ಒಂದೇ ಮಾತು: "ಇಟ್ರಾ". ಅದು ಬಂದ ವರ್ಷದ ಮಳೆಗಾಲ ಒಂದು, ಆಮೇಲೆ ಇನ್ನೊಂದು, ಆಮೇಲೆ ಇನ್ನೊಂದು. ಮೂರನೇ ವರ್ಷದ ಶೇಂಗಾ ಕಿತ್ತು ಮುಗಿದ ವಾರ, ಬೆಳಗಿನ ಎಳೆಬಿಸಿಲಲ್ಲಿ ಕಂಬಳಿಯ ಮೇಲೆ ಮಲಗಿದ್ದದ್ದು ಏಳಲಿಲ್ಲ.

ಆ ಸಂಜೆ ಸಣ್ಣತಿಮ್ಮಪ್ಪ ಅಂಗಡಿಗೆ ಬಂದ. ನನಗಿನ್ನೂ ಸುದ್ದಿ ಮುಟ್ಟಿರಲಿಲ್ಲ. ಎಂದಿನಂತೆ ಬಿಸ್ಕತ್ತಿನ ಪೊಟ್ಟಣ ಮುಂದಿಟ್ಟೆ. ಅವನು ಅದನ್ನು ನನ್ನ ಕಡೆಗೆ ಸರಿಸಿ, ಕಟ್ಟೆಯ ಮೇಲೆ ಕೂತು, ಬಲಗೈಯನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡ. ಬಹಳ ಹೊತ್ತು ಆ ಹೆಬ್ಬೆರಳನ್ನೇ ನೋಡಿದ.

"ಮೂವತ್ತು ವರ್ಷದಾಗೆ ಇದು ಒಂದ್ಸಾರಿನೂ ತಪ್ಪಿಲ್ಲ ಕಣೋ ಜುಂಜಾ" ಎಂದ. "ಇದೊಂದ್ಸಾರಿ ತಪ್ಪಬಾರ್ದಿತ್ತಾ?"