ಒಂದನೇ ಸೈಡಿಗೇ ಮಂಗಳ ಹಾಡಿದ್ದು

ಕೊಪ್ಪಳ ಹೊಸದಾಗಿ ಜಿಲ್ಲೆಯಾದ ಹುರುಪು ಇನ್ನೂ ಆರಿರಲಿಲ್ಲ. ಅದೇ ಹುರುಪಿನಲ್ಲಿ ನಮ್ಮ ಯಲಬುರ್ಗಾ ಕಡೆಯ ಜಾನಪದ ಹಾಡಿನ ತಂಡಕ್ಕೂ ಕ್ಯಾಸೆಟ್ಟಿನ ಹುಚ್ಚು ಹತ್ತಿತು. ನಾನು ತಂಡದ ಹಾರ್ಮೋನಿಯಂನವನು. ಊರೂರು ತಿರುಗಿ ಹಾಡುತ್ತಿದ್ದೆವು, ಜನ ಮಿರ್ಚಿ-ಮಂಡಕ್ಕಿ ಕೊಟ್ಟು ಕಳಿಸುತ್ತಿದ್ದರು. ಆದರೂ ಹೋದಲ್ಲೆಲ್ಲ ಒಂದೇ ಪ್ರಶ್ನೆ: "ನಿಮ್ಮ ಕ್ಯಾಸೆಟ್ ಯಾವಾಗ ಬರ್ತೈತ್ರಿ?" ಕೇಳಿ ಕೇಳಿ ನನಗೆ ತಲೆ ಕೆಟ್ಟಿತ್ತು.

ನನಗಿಂತ ಹೆಚ್ಚು ಅವಸರವಿದ್ದುದು ನಮ್ಮ ಢೋಲಕಿಯವನಿಗೆ. ಗಂಡ ವರ್ಷವಿಡೀ ಕಾರ್ಯಕ್ರಮವೆಂದು ಅಲೆಯುತ್ತಾನೆಂಬ ಸಿಟ್ಟಿಗೆ ಅವನ ಹೆಂಡತಿ ಕುಕನೂರಿನ ತವರುಮನೆಗೆ ಹೋಗಿ ಕೂತಿದ್ದಳು. ಎದುರಿಗೆ ಹೋಗಿ 'ತಪ್ಪಾಯಿತು, ಬಾ' ಎನ್ನಲು ಈ ಮಹಾಶಯನಿಗೆ ಬಾಯಿಲ್ಲ. ಅದಕ್ಕೆ ಒಂದು ಹಾಡು ಕಟ್ಟಿದ್ದ:

"ದಪ್ಪನ ರೊಟ್ಟಿ ನಾನಽ ಬಡದೆ, ನುಂಗಾಕ ಬರವಲ್ದು
ತೆಳ್ಳನ ರೊಟ್ಟಿ ಬಡಿಯಾಕಿ ಇಲ್ದ ಒಲಿಯೂ ಹತ್ತವಲ್ದು"

ಅವನ ಮಾವನದು ಕುಕನೂರಿನಲ್ಲಿ ಚಹಾದ ಹೋಟೆಲು, ಹಿಂದೆಯೇ ಮನೆ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಟೇಪು ಹಾಡುತ್ತಲೇ ಇರುತ್ತಿತ್ತು. "ಅಣ್ಣಾರ, ನಾ ಹೇಳೂದನ್ನ ಕ್ಯಾಸೆಟ್ಟಽ ಹೇಳತೈತಿ. ಆಕಿ ಕೇಳಿದ್ರ ಬಂದಽ ಬರ್ತಾಳ ನೋಡ್ರಿ," ಎನ್ನುತ್ತಿದ್ದ.

ಗಂಗಾವತಿಯಲ್ಲಿ ಕ್ಯಾಸೆಟ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ರೆಕಾರ್ಡಿಂಗ್ ಆಯಿತು. ಸದ್ದು ಬರುತ್ತದೆಂದು ಫ್ಯಾನು ಬಂದ್ ಮಾಡಿದ್ದರು. ಬೆವರಿಗೆ ನನ್ನ ಬೆರಳುಗಳು ಹಾರ್ಮೋನಿಯಂನ ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಜಾರುತ್ತಿದ್ದವು. ಮಧ್ಯಾಹ್ನ ರೆಕಾರ್ಡಿಂಗಿನವನು, "ಒಂದನೇ ಸೈಡ್ ಮುಗಿಯಾಕ ಬಂತು, ಏಳ್ರಿ, ಊಟ ಮಾಡ್ಕೊಂಡು ಬರ್ರಿ," ಎಂದ.

ನಮ್ಮ ಹಿರಿಯ ಹಾಡುಗಾರರು ಅವನನ್ನು ದುರುಗುಟ್ಟಿ ನೋಡಿದರು. "ಮಂಗಳ ಹಾಡದಽ ಹೆಂಗ ಏಳೂದೋ? ಉಂಡಿದ್ದು ಮೈಗೆ ಹತ್ತತೈತೇನು?"

ನಮ್ಮಲ್ಲಿ ಹಾಡಲು ಕೂತವರು ಮಂಗಳ ಹಾಡದೆ ಏಳುವ ಪದ್ಧತಿಯೇ ಇಲ್ಲ. ಎಲ್ಲರೂ ಕಣ್ಣುಮುಚ್ಚಿ, ಭಕ್ತಿಯಿಂದ ಮಂಗಳ ಹಾಡಿಯೇ ಎದ್ದೆವು. ಒಂದನೇ ಸೈಡಿನ ಉಳಿದ ಟೇಪಿನಲ್ಲಿ ರೆಕಾರ್ಡಿಂಗಿನವನು ಅದನ್ನೂ ತುಂಬಿಕೊಂಡ. ಉಂಡು ಬಂದು ಎರಡನೇ ಸೈಡು ಶುರು ಮಾಡಿದೆವು. ಅದರ ಮೊದಲ ಹಾಡೇ ರೊಟ್ಟಿಯ ಹಾಡು.

ಕ್ಯಾಸೆಟ್ ಬಂತು. ಟೆಂಪೋಕ್ಕೆ ಮೈಕು ಕಟ್ಟಿಕೊಂಡು ಊರೂರು ಪ್ರಚಾರಕ್ಕೆ ಹೊರಟೆವು. ಕುಷ್ಟಗಿಯಲ್ಲಿ ಒಬ್ಬರು ಕೈ ಕುಲುಕಿ, "ಭಾಳ ಛಲೋ ಹಾಡೀರಿ," ಎಂದರು. ಎರಡನೇ ಸೈಡು ಹೇಗಿದೆ ಎಂದು ಕೇಳಿದೆ.

"ಅಲ್ರೀ, ಮಂಗಳ ಆತಲ್ಲ?"

ಎಲ್ಲ ಊರಲ್ಲೂ ಇದೇ ಕಥೆ. ಮಂಗಳ ಬಂದೊಡನೆ ಕೈ ಮುಗಿದು ಟೇಪು ಬಂದ್ ಮಾಡುತ್ತಿದ್ದರು! ನಾನು ಹಣೆ ಹಣೆ ಬಡಿದುಕೊಂಡು, ಮೈಕಿನಲ್ಲಿ "ತಿರುವಿ ಹಾಕ್ರೀ, ದಯಮಾಡಿ ತಿರುವಿ ಹಾಕ್ರೀ" ಎಂದು ಗಂಟಲು ಹರಿದುಕೊಂಡೆ. ನಮ್ಮ ಯಲಬುರ್ಗಾ ಕಡೆಯದೇ ಮಂಗಳೂರೆಂಬ ಹಳ್ಳಿಯಲ್ಲಿ ಒಬ್ಬ ಮುದುಕಿ ಟೆಂಪೋ ನಿಲ್ಲಿಸಿ ಬೈದಳು: "ಮಂಗಳ ಆದ ಮ್ಯಾಲೆ ಮತ್ತ ಹಾಡಿದ್ರ, ಉಂಡೆದ್ದಾಂವ ಮತ್ತ ಎಲಿ ಮುಂದ ಕುಂತಂಗ ಆತಲ್ಲೋ!"

ಢೋಲಕಿಯವನ ಮುಖ ಸಣ್ಣದಾಯಿತು. ನನಗೆ ಅವನನ್ನು ನೋಡಲಾಗಲಿಲ್ಲ. ಕುಕನೂರಿಗೆ ಎಳೆದುಕೊಂಡು ಹೋದೆ.

ಮಾವನ ಹೋಟೆಲಿನಲ್ಲಿ ನಮ್ಮ ಕ್ಯಾಸೆಟ್ಟೇ ಹಾಡುತ್ತಿತ್ತು. ಮಂಗಳ ಬಂತು. ಮಾವ ಕೈ ಮುಗಿದ, ಚಹಾ ಕುಡಿಯುವವರೂ ಕಪ್ಪು-ಬಸಿ ಕೆಳಗಿಟ್ಟು ಕೈ ಮುಗಿದರು. ಆಮೇಲೆ ಮಾವ ಅದನ್ನು ತೆಗೆದು ಬೇರೆ ತಂಡದ ಕ್ಯಾಸೆಟ್ ಹಾಕಿದ. ನನ್ನ ಪಿತ್ತ ನೆತ್ತಿಗೇರಿತು.

"ಯಜಮಾನ್ರ, ನಮ್ಮದನ್ನ ತಿರುವಿ ಹಾಕ್ರಿ!"

"ಮಂಗಳ ಆಗೇತ್ರಿ. ಇನ್ನ ಹಾಡು ಕೇಳಬಾರ್ದು."

"ಮತ್ತ ಇದು ಹಾಡಲ್ಲೇನು?"

"ಇವ್ರ ಮಂಗಳ ಇನ್ನೂ ಆಗಿಲ್ಲಲ್ರೀ," ಎಂದ ಮಹಾರಾಯ.

ನಾನೇ ಟೇಪು ಬಂದ್ ಮಾಡಿ, ಢೋಲಕಿಯವನ ಬೆನ್ನಿಗೆ ಗುದ್ದಿದೆ. "ತಮ್ಮಾ, ನೀನಽ ಹಾಡು. ಇಲ್ಲಂದ್ರ ಸಾಯೂ ತನಕ ದಪ್ಪ ರೊಟ್ಟಿನಽ ತಿನ್ನು."

ಅವನು ಮುಂದೆ ಬಂದ. ಕೈಗೆ ಢೋಲಕಿ ಇಲ್ಲದೆ ಟೇಬಲ್ಲು ಬಡಿಯತೊಡಗಿದ, ಗ್ಲಾಸುಗಳು ಕುಣಿದವು. ರೊಟ್ಟಿಯ ಸಾಲಿಗೆ ಜನ ನಕ್ಕರು, ಒಲೆಯ ಸಾಲಿಗೆ ಅವನೇ ತಾಳ ತಪ್ಪಿದ. ಹೇಗೋ ಮುಗಿಸಿದ.

ಒಳಗಿನಿಂದ ಅವನ ಹೆಂಡತಿ ಹೊರಗೆ ಬಂದಳು. "ಹಾಡಿನ ಎರಡನೇ ನುಡಿ ಬಿಟ್ರಲ್ಲ?" ಎಂದಳು.

ಮಾವ ಬೆಚ್ಚಿಬಿದ್ದ. "ನಿನಗ ಹೆಂಗ ಗೊತ್ತು?"

"ಮಧ್ಯಾಹ್ನ ನೀ ಮಲಗಿದಾಗ ದಿನಾ ತಿರುವಿ ಹಾಕ್ತೇನಪಾ."

ನನಗೆ ತಡೆಯಲಾಗಲಿಲ್ಲ. "ಅಲ್ಲವ್ವಾ, ದಿನಾ ಕೇಳಿದ್ರೂ ಮತ್ಯಾಕ ಗಂಡನ ಮನಿಗೆ ಹೋಗಲಿಲ್ಲ?"

"ಕ್ಯಾಸೆಟ್ ಕರದ್ರ ಕ್ಯಾಸೆಟ್ಟಿನ ಸಂಗಾಟ ಹೋಗ್ಲೇನ್ರಿ?" ಎಂದಳು. "ಇವ್ರು ಬರ್ಲಿ ಅಂತ ಕುಂತಿದ್ದೆ."