ಹತ್ತೊಂಬತ್ತನೇ ಮಿಶ್ರಣದ ಪುಡಿಯಕ್ಕ

ಬೆಳಗಿನ ಆರು ಗಂಟೆ. ಪ್ರಯೋಗಾಲಯದ ಮೂಲೆಯಲ್ಲಿ ಪುಡಿಯಕ್ಕ ಉಸಿರು ಬಿಗಿಹಿಡಿದು ಒಂದು ಹಲ್ಲನ್ನು ಸೀಳುತ್ತಿದ್ದಾರೆ. ಗಾಬರಿಯಾಗಬೇಡಿ, ಯಾರೋ ಎಂದೋ ಕೀಳಿಸಿಕೊಂಡ ಹಲ್ಲದು. ಅದರ ಕುಳಿಗೆ ಇವರೇ ಹೊಸ ಸಿಮೆಂಟು ತುಂಬಿ, ಅಗಿಯುವ ಯಂತ್ರದಲ್ಲಿ ಐದು ಲಕ್ಷ ಸಲ ಕಚ್ಚಿಸಿ, ನಿನ್ನೆಯಿಡೀ ನೀಲಿ ನೀರಿನಲ್ಲಿ ನೆನೆಹಾಕಿದ್ದಾರೆ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ನೀಲಿ ಒಳಗೆ ನುಗ್ಗಿರುತ್ತದೆ. ಹನ್ನೆರಡು ಹಲ್ಲುಗಳಲ್ಲಿ ಒಂದರಲ್ಲಿ ನುಗ್ಗಿದ್ದರೂ ಹತ್ತೊಂಬತ್ತನೇ ಮಿಶ್ರಣ ಇವತ್ತೇ ಕಸದ ಬುಟ್ಟಿಗೆ!

ಪುಡಿಯಕ್ಕ ಹನ್ನೊಂದು ವರ್ಷ ದಂತವೈದ್ಯರ ಕುರ್ಚಿಯ ಪಕ್ಕ ನಿಂತು ಸಹಾಯಕಿಯಾಗಿ ದುಡಿದವರು. ಇಲ್ಲಿಗೆ ಬಂದು ಹದಿನಾಲ್ಕು ವರ್ಷ. ಗಾಜಿನ ನುಣ್ಣನೆ ಪುಡಿ ತೂಗಿ, ಅಂಟಿನಲ್ಲಿ ಕಲಸಿ, ಪರೀಕ್ಷೆಗೆಂದು ದಿನಕ್ಕೆ ನಲವತ್ತು ಬಿಲ್ಲೆ ಒತ್ತುತ್ತಾರೆ. ಮಣಿಕಟ್ಟು ಊದಿಕೊಂಡಿದೆ, ಸೀನು ಬೆನ್ನು ಬಿಟ್ಟಿಲ್ಲ. ಯಾವ ಸಂಶೋಧನಾ ಪ್ರಬಂಧದಲ್ಲೂ ಇವರ ಹೆಸರಿಲ್ಲ.

"ಹೆಸ್ರು ತಗೊಂಡು ಏನ್ಮಾಡ್ಲಿ? ಮನೇಲಿ ಮಗಳೂ ನನ್ನ ಪುಡಿಯಕ್ಕ ಅಂತಾಳೆ," ಎಂದು ನಗುತ್ತಾರೆ.

ಇಲ್ಲಿ ಪ್ರತಿ ಮಿಶ್ರಣವನ್ನೂ ಮೊದಲು ಅಗಿಯುವುದು ಕಂಪ್ಯೂಟರು. ಅದರೊಳಗೆ ಬರೀ ಲೆಕ್ಕದಲ್ಲೇ ಒಂದು ಹಲ್ಲು ಕಟ್ಟಿ ಪರೀಕ್ಷಿಸುವವರು ಕಂಪ್ಯೂಟರ್ ಮೇಡಂ. ಅದು ಬೇಡವೆಂದ ಒಂದೆರಡನ್ನೂ ಪುಡಿಯಕ್ಕ ಮಾಡಿ ತಾಳೆ ನೋಡುವುದು ವಾಡಿಕೆ. ಹೋದ ತಿಂಗಳು, ಹತ್ತೊಂಬತ್ತನೆಯದು ಬಿರುಕು ಬಿಡುತ್ತದೆಂದು ಕಂಪ್ಯೂಟರು ಹೇಳಿತು. ಪುಡಿಯಕ್ಕ ತುಂಬಿದ ಹಲ್ಲು ಮಾತ್ರ ಜಪ್ಪಯ್ಯ ಅಂದರೂ ಬಿರಿಯಲಿಲ್ಲ.

"ಅಕ್ಕಾ, ತೂಕ ಎಲ್ಲೋ ತಪ್ಪಿದೆ," ಎಂದರು ಮೇಡಂ.

"ನನ್ ತಕ್ಕಡಿ ಮೇಲೆ ಯಾಕ್ ಮೇಡಂ ಕೋಪ? ಬನ್ನಿ, ನಾನ್ ತುಂಬೋದನ್ನ ನೋಡಿ."

ನೋಡಿದಾಗ ಗುಟ್ಟು ಬಯಲಾಯಿತು. ಬೆಳಕು ಬಿದ್ದು ಗಟ್ಟಿಯಾಗುವಾಗ ಸಿಮೆಂಟು ಕುಗ್ಗಿ ಹಲ್ಲಿನ ಗೋಡೆಯನ್ನು ಎಳೆಯುತ್ತದೆ. ಕಂಪ್ಯೂಟರು ಇಡೀ ಕುಳಿಯನ್ನು ಒಂದೇ ಏಟಿಗೆ ತುಂಬಿತ್ತು. ಪುಡಿಯಕ್ಕ ಹಳೆಯ ಡಾಕ್ಟರರ ಹಾಗೆ ಓರೆಯಾಗಿ, ಪದರದ ಮೇಲೆ ಪದರ ಹಾಕಿ, ಪ್ರತಿ ಪದರಕ್ಕೂ ಇಪ್ಪತ್ತು ಸೆಕೆಂಡು ಬೆಳಕು ಹಿಡಿಯುತ್ತಾರೆ, ಗೋಡೆಯ ಮೇಲೆ ಒಮ್ಮೆಲೇ ಎಳೆತ ಬೀಳುವುದೇ ಇಲ್ಲ!

"ಅಯ್ಯೋ, ಮೊದಲೇ ಹೇಳ್ಬಾರ್ದಾ ಅಕ್ಕಾ?"

"ಯಾರ್ ಕೇಳಿದ್ರು? ನಿಮ್ ಫಾರಂನಲ್ಲಿ ಎಷ್ಟು ತೂಗ್ದೆ ಅಂತ ಇತ್ತು. ಹೆಂಗ್ ತುಂಬ್ದೆ ಅಂತ ಇರ್ಲಿಲ್ಲ."

ಮೇಡಂ ಕಂಪ್ಯೂಟರಿನಲ್ಲೂ ಹಾಗೆಯೇ ಓರೆ ಪದರ ಹಾಕಿಸಿದರು. ಬಿರುಕು ಮಾಯ! ಆದರೆ ಮುಖ್ಯಸ್ಥರು ಒಪ್ಪಲಿಲ್ಲ. ಒಂದು ಹಲ್ಲು ಅದೃಷ್ಟವಿರಬಹುದು, ಹನ್ನೆರಡು ತೋರಿಸಿ ಎಂದರು.

ಈಗ ಹನ್ನೊಂದು ಮುಗಿದಿವೆ, ಹನ್ನೊಂದೂ ಗೆದ್ದಿವೆ. ಇವತ್ತು ಸೀಳಿದ್ದು ಕೊನೆಯದು. ತಲೆ ಬಾಚದೆಯೇ ಓಡಿಬಂದ ಮೇಡಂ ಸೂಕ್ಷ್ಮದರ್ಶಕಕ್ಕೆ ಕಣ್ಣಿಡಲು ಹೆದರಿ ಪಕ್ಕಕ್ಕೆ ಸರಿಯುತ್ತಾರೆ. ಪುಡಿಯಕ್ಕನೇ ಬಗ್ಗುತ್ತಾರೆ. ನೀಲಿ ಅಂಚಿನಲ್ಲೇ ನಿಂತಿದೆ.

"ಹನ್ನೆರಡಕ್ಕೆ ಹನ್ನೆರಡು!"

ಮೇಡಂ ಅಕ್ಕನನ್ನು ತಬ್ಬಿಕೊಂಡು ಗಿರಗಿರನೆ ತಿರುಗಿಸುತ್ತಾರೆ. ಪುಡಿಯಕ್ಕನ ಕಣ್ಣು ತುಂಬಿದೆ. ಇನ್ನೇನು ಆಸೆ ಎಂದು ಕೇಳಿದರೆ ಏಪ್ರನ್ನಿನ ತುದಿಯಲ್ಲಿ ಮೂಗೊರೆಸಿಕೊಳ್ಳುತ್ತಾರೆ.

"ಇದನ್ನ ಹಾಕಿಸ್ಕೊಂಡೋರು ಯಾವ ಹಲ್ಲಿಗೆ ಹಾಕಿಸ್ಕೊಂಡೆ ಅನ್ನೋದನ್ನೇ ಮರೆತುಬಿಡ್ಬೇಕು. ಅವರು ಮರೆತ್ರೆ ನಾನು ಗೆದ್ದ ಹಾಗೆ."