ಜವಾಬ್ದಾರಿ ನನ್ನ ತಲೆಮೇಲೆ

ಅಮ್ಮಾನ್ ನಗರದ ಬಯಾದರ್ ಗ್ಯಾರೇಜು ಬೀದಿಯಲ್ಲಿ ನನ್ನದು ಕಾರಿನ ಸೀಟು ಹೊಲಿಯುವ ಅಂಗಡಿ. ಪಕ್ಕದ್ದು ಅಬು ಹೈಸಮನ ಗ್ಯಾರೇಜು. ಒಂದು ಕಾರನ್ನು ಅವನು "ಸರಿಯಿದೆ, ಜವಾಬ್ದಾರಿ ನನ್ನ ತಲೆಮೇಲೆ" ಅಂದರೆ ಸಾಕು, ಕೊಳ್ಳುವವರು ಮತ್ತೆ ಬಾನೆಟ್ ಎತ್ತಿ ನೋಡುತ್ತಿರಲಿಲ್ಲ. ಅವನಿಗಿದ್ದ ಆಸ್ತಿ ಆ ಮಾತೊಂದೇ. ಅದನ್ನೂ ಅವನ ತಂಗಿಯ ಗಂಡ ರಾಕಾನ್ ತಿಂದುಹಾಕಿದ.

ರಾಕಾನನಿಗೆ ಕೆಲಸ ಕಲಿಸಿದವನೂ ಅಬು ಹೈಸಮನೇ. ನನ್ನ ಕಣ್ಣೆದುರೇ ಕಲಿಸಿದ.

"ಹಳೇ ಗಾಡೀಲಿ ಸ್ಟಿಯರಿಂಗಿಗೆ ಎಣ್ಣೆ ಬಲ ಕೊಡ್ತಿತ್ತು. ಈ ಹೊಸ ಗಾಡೀಲಿ ಮೋಟರ್ ಕಣಯ್ಯಾ. ನೀನು ತಿರುಗಿಸಿದ್ರೆ ಒಳಗಿರೋ ಸಣ್ಣ ಸರಳು ಕೂದಲೆಳೆಯಷ್ಟು ತಿರುಚ್ಕೊಳ್ಳುತ್ತೆ. ಸೆನ್ಸರ್ ಅದನ್ನ ಅಳೆದು ಕಂಪ್ಯೂಟರಿಗೆ ಹೇಳುತ್ತೆ. ಅದು ಮೋಟರಿಗೆ 'ಇಷ್ಟು ತಳ್ಳು' ಅನ್ನುತ್ತೆ. ಗಾಡಿ ನಿಧಾನ ಹೋದ್ರೆ ಜಾಸ್ತಿ, ಜೋರಾಗಿ ಹೋದ್ರೆ ಕಮ್ಮಿ."

"ಸೆನ್ಸರ್ ಕೆಟ್ರೆ, ಭಾವ?"

"ಮೋಟರ್ ನಿಲ್ಲುತ್ತೆ, ದೀಪ ಹತ್ತುತ್ತೆ, ಸ್ಟಿಯರಿಂಗ್ ಕಲ್ಲಾಗುತ್ತೆ. ಸ್ಕ್ಯಾನರ್ ಹಾಕಿ ದೋಷ ಅಳಿಸಿದ್ರೆ ದೀಪ ಆರಿ ಸ್ವಲ್ಪ ಹೊತ್ತು ಬೆಣ್ಣೆ ಥರ ತಿರುಗುತ್ತೆ. ಆಮೇಲೆ ಮತ್ತದೇ ರಾಗ. ಅಳಿಸೋದು ರಿಪೇರಿ ಅಲ್ಲ, ತಿಳ್ಕೋ."

ಕೊನೆಯ ಮಾತೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ರಾಕಾನ್ ಚೆನ್ನಾಗಿ ಕಲಿತ.

ಹತ್ತಿರದ ಶಾಲೆಯ ಮೈಸೂನ್ ಟೀಚರು ಕಾರು ಹುಡುಕುತ್ತಿದ್ದಾಗ ರಾಕಾನ್ ತನ್ನ ಹೈಬ್ರಿಡ್ ಕಾರನ್ನೇ ತಂದು ಭಾವನ ಗ್ಯಾರೇಜಿನ ಮುಂದೆ ನಿಲ್ಲಿಸಿದ. ಅಬು ಹೈಸಮ್ ನಿಂತಲ್ಲೇ ಎರಡು ಬೆರಳಲ್ಲಿ ಸ್ಟಿಯರಿಂಗ್ ತಿರುಗಿಸಿ ನೋಡಿದ. ಮನೆಯವನ ಕಾರಲ್ಲವೇ, ರಸ್ತೆಗೆ ಒಯ್ಯಲಿಲ್ಲ. "ಜವಾಬ್ದಾರಿ ನನ್ನ ತಲೆಮೇಲೆ" ಎಂದುಬಿಟ್ಟ.

ಕೊಂಡ ದಿನವೇ ಏಳನೇ ಸರ್ಕಲಿನಲ್ಲಿ ಸ್ಟಿಯರಿಂಗ್ ಕಲ್ಲಾಗಿ ಕಾರು ಕಟ್ಟೆಗೆ ಗುದ್ದಿತು. ಟೀಚರು ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಬಂದರು.

"ನೀವು ಹೇಳಿದ್ರಲ್ಲ ಅಣ್ಣ, ಅದಕ್ಕೇ ತಗೊಂಡೆ."

ಅಷ್ಟೇ ಅಂದರು. ಬೈದಿದ್ದರೇ ವಾಸಿಯಿತ್ತು. ಅಬು ಹೈಸಮ್ ಸ್ಕ್ಯಾನರ್ ಹಾಕಿ ನೋಡಿದ, ಅದೇ ಸೆನ್ಸರ್. ರಾಕಾನ್ ದೋಷ ಅಳಿಸಿ ಮಾರಿದ್ದಾನೆ, ತಾನು ಕಲಿಸಿದ ವಿದ್ಯೆ ತನ್ನ ಮೇಲೇ ಪ್ರಯೋಗವಾಗಿದೆ ಎಂದು ಆಗ ಗೊತ್ತಾಯಿತು.

ಸಂಜೆ ನನ್ನನ್ನೂ ಕರೆದುಕೊಂಡು ರಾಕಾನನ ಮನೆಗೆ ಹೋದ. ತಂಗಿ ತಂದ ಕಾಫಿಯನ್ನು ಕುಡಿಯದೆ ಕೆಳಗಿಟ್ಟ. ನಮ್ಮಲ್ಲಿ ಹಾಗಿಟ್ಟರೆ ಏನೋ ಕೇಳಲು ಬಂದಿದ್ದಾರೆಂದರ್ಥ; ಕೊಡಲು ಒಪ್ಪಿದ ಯಜಮಾನ ಕುಡಿಯಲು ಹೇಳುತ್ತಾನೆ. "ಆಯ್ತು, ಕುಡೀರಿ" ಎನ್ನದ ಯಜಮಾನನನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಕಾರು ವಾಪಸ್ ತಗೋ. ನನ್ನ ಮಾತು ಉಳಿಸು."

"ಪರೀಕ್ಷೆ ಮಾಡಿದ್ದು ಯಾರು ಭಾವ, ನಾನಾ?" ರಾಕಾನ್ ನಕ್ಕ. "ತಲೆಮೇಲೆ ಅಂದಿದ್ದು ನೀವು. ಹೊತ್ಕೊಳ್ಳಿ. ಕಾಫಿ ಆರುತ್ತೆ."

ಉಂಡ ಮನೆಗೇ ಎರಡು ಬಗೆದವನ ಮುಖಕ್ಕೆ ಆ ಕಾಫಿ ಎರಚುವಷ್ಟು ಸಿಟ್ಟು ಬಂತು ನನಗೆ. ತಂಗಿ ಅಣ್ಣನ ಮುಖ ನೋಡದೆ, ತಣ್ಣಗಾದ ಲೋಟ ಎತ್ತಿಕೊಂಡು ಒಳಗೆ ಹೋದಳು. ಅವಳಿಗೂ ಮೊದಲೇ ಗೊತ್ತಿತ್ತೆಂದು ಅಬು ಹೈಸಮನಿಗೆ ಆಗ ಹೊಳೆಯಿತು. ಅವನು ಎದ್ದು ಹೊರಟ.

ಮಾರನೆಯ ದಿನ ಅದೇ ಮಾದರಿಯ ತನ್ನ ಕಾರಿನ ಸ್ಟಿಯರಿಂಗನ್ನೇ ಸೆನ್ಸರ್, ಮೋಟರ್ ಸಮೇತ ಬಿಚ್ಚಿ ಟೀಚರ ಕಾರಿಗೆ ಹಾಕಿದ. ಈಗ ಬಸ್ಸಿನಲ್ಲಿ ಬರುತ್ತಾನೆ. ಮೊನ್ನೆ ಯಾರೋ ಕಾರು ತಂದು, "ನೀವು ಸರಿ ಅಂದ್ರೆ ಸಾಕು, ಅಬು ಹೈಸಮ್" ಅಂದರು.

"ಅರ್ಧ ಗಂಟೆ ನೀವೇ ಓಡಿಸಿ ನೋಡಿ," ಎಂದ. "ನನ್ನ ಮಾತು ತಗೋಬೇಡಿ."